ದವಡೆ ಬೀಳುವುದು ಬೇಡ, ಮಂಡಕ್ಕಿ ಸೀಯಲಿ

ನಮಸ್ಕಾರ. ನಿಮ್ಮ ಕಥೆ ಎರಡು ಸಲ ಓದಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಪ್ಪ, ಚಿತ್ರದುರ್ಗದ ಹತ್ತಿರ ಹೈವೇಯಲ್ಲಿ ಮಗನ ಬೈಕಿಗೆ ಲಾರಿ ಬಡಿದ ಸುದ್ದಿ, ರಾತ್ರಿ ಬಸ್ಸಿನ ಪ್ರಯಾಣ. ವಸ್ತು ಗಟ್ಟಿಯಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ.

ಫೋನ್ ಬಂದಾಗ ಅಪ್ಪನ 'ದವಡೆ ಕೆಳಗೆ ಬಿತ್ತು' ಅಂತ ಬರೆದಿದ್ದೀರಿ. ಮುಂದಿನ ಸಾಲಲ್ಲೇ 'ರಕ್ತ ತಣ್ಣಗೆ ಓಡಿತು'. ಪುಟ ತಿರುಗಿಸಿದರೆ ತಾಯಿ 'ಕಣ್ಣೀರಿನೊಳಗೆ ಸಿಡಿದಳು'. ನನಗೆ ಆ ಮನೆಯೇ ಕಾಣಲಿಲ್ಲ. ಜಾ ಡ್ರಾಪ್ಡ್, ಬ್ಲಡ್ ರ‍್ಯಾನ್ ಕೋಲ್ಡ್, ಬರ್ಸ್ಟ್ ಇಂಟು ಟಿಯರ್ಸ್ ಅನ್ನುವ ಇಂಗ್ಲಿಷ್ ಮಾತುಗಳೇ ಕಂಡವು. ಇಂಗ್ಲಿಷಿನಲ್ಲಿ ಅವು ಚೆನ್ನಾಗಿಯೇ ಇವೆ. ತಬ್ಬಿಬ್ಬಾಗುವುದಕ್ಕೆ ಅವರು ಹೇಳುವ 'ಟೇಕನ್ ಅಬ್ಯಾಕ್' ನೋಡಿ, ಅದು ಹಾಯಿಹಡಗಿನವರ ಮಾತು. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಬಡಿದು ಹಾಯಿಯನ್ನು ಕಂಬಕ್ಕೆ ಒತ್ತಿಬಿಟ್ಟರೆ, ಹಡಗು ಮುಂದೆ ಹೋಗಲಾಗದೆ ತಡವರಿಸುತ್ತದೆ. ಅದನ್ನು ಕಣ್ಣಾರೆ ಕಂಡವರು ಕಟ್ಟಿದ ಮಾತು. ಅದನ್ನೇ ನೀವು 'ಅವರು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟರು' ಅಂದರೆ ಹಡಗೂ ಇಲ್ಲ, ಗಾಳಿಯೂ ಇಲ್ಲ, ಅಪ್ಪನೂ ಇಲ್ಲ.

ಪ್ರತಿ ಭಾಷೆಗೂ ಒಟ್ಟಿಗೇ ಬರುವ ಅದರದೇ ಪದಗಳ ಜೋಡಿಗಳಿರುತ್ತವೆ ಅಲ್ವಾ. ಇಂಗ್ಲಿಷಿನವರು ಬಿಟರ್ಲಿ ಡಿಸಪಾಯಿಂಟೆಡ್ ಅನ್ನುತ್ತಾರೆ, ಬಿಟರ್ಲಿ ಸರ್ಪ್ರೈಸ್ಡ್ ಅನ್ನುವುದಿಲ್ಲ. ಸರ್ಪ್ರೈಸ್ಡ್‌ಗೆ ಪ್ಲೆಸೆಂಟ್ಲಿ ಹೊಂದುತ್ತದೆ. ನಾವೂ ಹಾಗೇ. ಬೆಚ್ಚಿ ಬೀಳುತ್ತೇವೆ, ಬಿಕ್ಕಿ ಅಳುತ್ತೇವೆ, ಬಿಕ್ಕಿ ಬೀಳುವುದಿಲ್ಲ. ಎದೆ ಧಸಕ್ಕೆನ್ನುತ್ತದೆ, ಕರುಳು ಚುರ್ ಅನ್ನುತ್ತದೆ. ಕೈಕಾಲೇ ಆಡುವುದಿಲ್ಲ. ಗರ ಬಡಿದ ಹಾಗೆ ನಿಲ್ಲುತ್ತೇವೆ. ಇವೆಲ್ಲ ನಿಮ್ಮ ಮನೆಯಲ್ಲೇ ದಿನಾ ಕೇಳುವ ಮಾತು.

ಹಾಗಂತ ಇಂಗ್ಲಿಷ್ ಪದವೇ ಬೇಡ ಅನ್ನುತ್ತಿಲ್ಲ. ಪಕ್ಕದ ಮನೆಯವರು 'ಶಾಕ್ ಆತ್ ನೋಡ್ರಿ' ಅನ್ನುತ್ತಾರಲ್ಲ, ಆ ಸಾಲು ನನಗೆ ತುಂಬಾ ಇಷ್ಟವಾಯಿತು. ಪದ ಇಂಗ್ಲಿಷಿನದು, ಮಾತು ಅಪ್ಪಟ ದಾವಣಗೆರೆಯದು. ತಾಯಿ 'ಓ ನನ್ನ ದೇವರೇ' ಅನ್ನುವುದು ಇದಕ್ಕೆ ಉಲ್ಟಾ, ಪದವೆಲ್ಲ ಕನ್ನಡ, ಮಾತು ಮಾತ್ರ ಯಾರದೋ. ಆಕೆ 'ಅಯ್ಯೋ ಶಿವನೇ' ಅನ್ನಲಿ. ಅಥವಾ ಏನೂ ಅನ್ನದೆ ಸೆರಗು ಬಾಯಿಗೆ ಒತ್ತಿಕೊಳ್ಳಲಿ.

ಫೋನಿನ ಜಾಗವನ್ನು ಮಾತ್ರ ಪೂರ್ತಿ ಹೊಸದಾಗಿ ಬರೆಯಿರಿ. ಭಟ್ಟಿ ನಿಮಗೆ ಗೊತ್ತು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಪಟಪಟ ಅಂತ ಅರಳುತ್ತದೆ, ತೆಗೆದು ಜರಡಿಗೆ ಹಾಕುವುದು ಸ್ವಲ್ಪ ತಡವಾದರೂ ಸೀದು ಹೋಗುತ್ತದೆ. ಇಷ್ಟು ವರ್ಷ ಒಂದು ಕಾಳನ್ನೂ ಸೀಯಿಸದ ಮನುಷ್ಯ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದಾರೆ, ಎದುರಿಗೆ ಮಂಡಕ್ಕಿ ಕಪ್ಪಾಗುತ್ತಿದೆ, ಪಕ್ಕದವನು ಕೂಗಿದರೂ ಕೇಳುತ್ತಿಲ್ಲ. ಇಷ್ಟು ಬರೆದರೆ 'ತೀವ್ರ ಆಘಾತಕ್ಕೊಳಗಾದರು' ಅನ್ನುವ ಸಾಲು ಬೇಕೇ ಆಗುವುದಿಲ್ಲ, ಸುಮ್ನೆ ಹೊಡೆದು ಹಾಕಿ.

ಆಸ್ಪತ್ರೆಯ ಭಾಗ ಜಾಸ್ತಿ ಉದ್ದವಾಯಿತು, ಅರ್ಧಕ್ಕೆ ಇಳಿಸಿ. ಬಸ್ಸಿನಲ್ಲಿ ಅಪ್ಪ ಟಿಕೆಟ್ಟನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡುವ ಸಾಲು ಇದೆಯಲ್ಲ, ಅದನ್ನು ಮುಟ್ಟಬೇಡಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.