ಗ್ರಿಲ್, ಓವನ್ ಇಲ್ಲದೆ ಹೋಟೆಲಿನ ರುಚಿಯ ಸ್ಮೋಕ್ಡ್ ಬಾರ್ಬೆಕ್ಯೂ ಚಿಕನ್ ಲೋಡೆಡ್ ಫ್ರೈಸ್ ಮನೆಯಲ್ಲಿ ಮಾಡೋದು ಹೇಗೆ?

ಲೋಡೆಡ್ ಫ್ರೈಸ್ ಅಂದರೆ ಕರಿದ ಆಲೂಗಡ್ಡೆ ತುಂಡುಗಳ ಮೇಲೆ ಚೀಸ್ ಸಾಸ್, ಚಿಕನ್ ಎಲ್ಲ ಹಾಕಿದ ತಿಂಡಿ. ನೀವು ಎರಡು ತೊಂದರೆ ಹೇಳಿದ್ದೀರಿ. ಚಿಕನ್‌ಗೆ ಹೊಗೆಯ ರುಚಿ ಬರುವುದಿಲ್ಲ. ಸಾಸ್ ಬಿದ್ದ ಎರಡೇ ನಿಮಿಷಕ್ಕೆ ಫ್ರೈಸ್ ಮೆತ್ತಗಾಗುತ್ತದೆ. ಮನೆಯಲ್ಲಿ ಇರುವುದು ಗ್ಯಾಸ್ ಒಲೆ ಮಾತ್ರ. ನಾನು ಮಂಗಳೂರಿನವಳು, ನಮ್ಮ ಮನೆಯಲ್ಲೂ ಅಷ್ಟೇ ಇರುವುದು. ಕಳೆದ ಮಳೆಗಾಲ ಇದನ್ನೇ ಮತ್ತೆ ಮತ್ತೆ ಮಾಡಿ ನೋಡಿದ್ದೇನೆ. ಮೊದಲು ಒಂದು ಮಾತು: ಹೊಗೆಯನ್ನು ಚಿಕನ್‌ಗೆ ಕೊಡಿ, ಚೀಸ್ ಸಾಸ್‌ಗೂ ಕೊಡಿ, ಫ್ರೈಸ್‌ಗೆ ಮಾತ್ರ ಕೊಡಲೇಬೇಡಿ.

ಮೊದಲ ಸಲ ನಾನು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ನಡುವೆ ಕೆಂಡ ಇಟ್ಟು, ಕಾಲು ಗಂಟೆ ಮುಚ್ಚಿಟ್ಟಿದ್ದೆ. ತೆಗೆದು ನೋಡಿದರೆ ಫ್ರೈಸ್ ಬೇಯಿಸಿದ ಆಲೂಗಡ್ಡೆ ಥರ ಆಗಿತ್ತು. ಚಿಕನ್ ಕಹಿ, ಗಂಟಲಲ್ಲಿ ಕೆರೆತ. ಬಿಸಿ ಫ್ರೈಸ್ ಮೇಲೆ ಮುಚ್ಚಳ ಬಿದ್ದರೆ ಅದರದ್ದೇ ಹಬೆ ಅದರ ಮೇಲೆ ಇಳಿಯುತ್ತದೆ, ಅಲ್ವಾ? ಕಹಿ ಯಾಕೆ ಅಂತ ಗೊತ್ತಾಗಿದ್ದು ದೊಡ್ಡಮ್ಮನಿಂದ. ಅವರು ಮಿಡಿ ಉಪ್ಪಿನಕಾಯಿ ಹಾಕುವ ಮೊದಲು ಭರಣಿಗೆ ಇಂಗಿನ ಹೊಗೆ ಹಿಡಿಸುವವರು. "ಕೆಂಡಕ್ಕೆ ಬೂದಿ ಹಿಡಿಯುವ ಮೊದಲು ಹೊಗೆ ಕೊಟ್ಟರೆ ಭರಣಿಯೇ ಹಾಳು" ಅಂದರು. ನಾನು ಇಟ್ಟಿದ್ದು ಅರ್ಧ ಉರಿದ ಗೆರಟೆ, ಅಂದರೆ ತೆಂಗಿನ ಚಿಪ್ಪು.

ಆದ್ದರಿಂದ ಕೆಂಡದ ವಿಷಯವನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ತೆಂಗಿನ ಗೆರಟೆ ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ? ಚೆನ್ನಾಗಿ ಒಣಗಿದ್ದನ್ನು ತೆಗೆದುಕೊಳ್ಳಿ. ಹೊರಗಿನ ನಾರನ್ನು ಪೂರ್ತಿ ಕೆರೆದು ತೆಗೆಯಿರಿ, ಅದರಿಂದ ಕಿಡಿ ಹಾರುತ್ತದೆ, ಕೆಟ್ಟ ಹೊಗೆಯೂ ಬರುತ್ತದೆ. ಎರಡು ಬೆರಳು ಅಗಲದ ಮೂರು ಚೂರು ಸಾಕು. ಗ್ಯಾಸ್ ಒಲೆಯ ಮೇಲೆ ಚಪಾತಿ ಸುಡುವ ಜಾಲರಿ ಇಟ್ಟು ಅದರಲ್ಲಿ ಸುಡಿ. ಮೊದಲು ಗೆರಟೆ ಜೋರಾಗಿ ಹೊತ್ತಿ ಉರಿಯುತ್ತದೆ. ಆಗ ಬರುವ ಕಪ್ಪು ಹೊಗೆ ಬೇಡ. ಉರಿ ತಾನಾಗಿ ಆರಿ, ಒಳಗೆ ಕೆಂಪಗೆ, ಮೇಲೆ ತೆಳ್ಳಗೆ ಬೂದಿ ಹಿಡಿದಾಗ ಅದು ತಯಾರು. ಬಚ್ಚಲ ಒಲೆ ಇರುವ ಮನೆಯಾದರೆ ಇನ್ನೂ ಸುಲಭ, ನೀರು ಕಾದ ಮೇಲೆ ಇಕ್ಕಳದಲ್ಲಿ ಎರಡು ಕೆಂಡ ಎತ್ತಿಕೊಂಡರೆ ಆಯಿತು. ಆದರೆ ಆ ಒಲೆಗೆ ಗೇರುಬೀಜದ ಸಿಪ್ಪೆ ಹಾಕಿದ್ದರೆ ಆ ಕೆಂಡ ಮುಟ್ಟಬೇಡಿ. ಆ ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ, ಅದರ ಹೊಗೆ ಊಟಕ್ಕೆ ಬೇಡವೇ ಬೇಡ.

ಈಗ ಕೋಳಿ. ಅಂಗಡಿಯಲ್ಲಿ ಸುಮ್ನೆ ಬೋನ್‌ಲೆಸ್ ಅಂದರೆ ಎದೆಯ ಮಾಂಸ ಕೊಡುತ್ತಾರೆ. ತೊಡೆಯದ್ದೇ ಬೇಕು ಅಂತ ಕೇಳಿ ತನ್ನಿ. ಅದರಲ್ಲಿ ಕೊಬ್ಬು ಇರುತ್ತದೆ, ಎಳೆ ಎಳೆಯಾಗಿ ಬಿಡಿಸಿದರೂ ಒಣಗುವುದಿಲ್ಲ. ಮೂರು ಜನರಿಗೆ 300 ಗ್ರಾಂ ಸಾಕು. ಅರ್ಧ ಚಮಚ ಉಪ್ಪು, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ ಹಚ್ಚಿ ಒಂದು ಗಂಟೆ ಇಡಿ. ದಪ್ಪ ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಎರಡೂ ಬದಿ ಕಂದು ಬಣ್ಣ ಬರುವ ತನಕ ಹುರಿಯಿರಿ. ಆಮೇಲೆ ಉರಿ ಸಣ್ಣ ಮಾಡಿ, ಮುಚ್ಚಿ, ಪೂರ್ತಿ ಬೇಯಿಸಿ. ಥರ್ಮಾಮೀಟರ್ ಇದ್ದರೆ ಮಾಂಸದ ನಡುವೆ 74 ಡಿಗ್ರಿ ಸೆಲ್ಸಿಯಸ್ ದಾಟಲೇಬೇಕು. ತೊಡೆ ಮಾಂಸ 80 ದಾಟಿದರೆ ಇನ್ನೂ ಮೃದು. ಬಾರ್ಬೆಕ್ಯೂ ಸಾಸನ್ನು ಈ ಹಂತದಲ್ಲಿ ಹಾಕಬೇಡಿ. ಅದರಲ್ಲಿರುವ ಸಕ್ಕರೆ ಮಾಂಸ ಬೇಯುವ ಮೊದಲೇ ಸೀದುಹೋಗುತ್ತದೆ.

ಸಾಸ್ ಮನೆಯಲ್ಲೇ ಮಾಡಿ ಮಾರಾಯ್ರೆ, ಹತ್ತು ನಿಮಿಷದ ಕೆಲಸ. ಅಮೆರಿಕದ ಕ್ಯಾನ್ಸಸ್ ಸಿಟಿ ಕಡೆಯ ಬಾರ್ಬೆಕ್ಯೂ ಸಾಸ್ ಅಂದರೆ ಟೊಮೆಟೊ, ಮೊಲಾಸಿಸ್, ವಿನೆಗರ್ ಸೇರಿ ಗಟ್ಟಿಯಾಗಿ, ಸಿಹಿಯಾಗಿ ಇರುವಂಥದ್ದು. ಇಲ್ಲಿನ ಕೆಫೆಗಳಲ್ಲಿ ನನಗೆ ಸಿಕ್ಕಿದ್ದೂ ಆ ಬಗೆಯದ್ದೇ. ಮೊಲಾಸಿಸ್ ಅಂದರೆ ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ, ಅದನ್ನು ಹುಡುಕಿಕೊಂಡು ಹೋಗಬೇಡಿ. ನಮ್ಮ ಜೋನಿ ಬೆಲ್ಲ (ಪಾಕದಂಥ ನೀರುಬೆಲ್ಲ) ಅದಕ್ಕಿಂತ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಅರ್ಧ ಕಪ್ ಟೊಮೆಟೊ ಕೆಚಪ್, ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಅಷ್ಟೇ ವಿನೆಗರ್, ಒಂದು ಚಮಚ ಬ್ಯಾಡಗಿ ಪುಡಿ, ಚಿಟಿಕೆ ಸಾಸಿವೆ ಪುಡಿ, ಜಜ್ಜಿದ ಬೆಳ್ಳುಳ್ಳಿ. ಇದಕ್ಕೆ ಒಂದು ಚಮಚ ಕಾಫಿ ಡಿಕಾಕ್ಷನ್ ಸೇರಿಸಿ. ಆ ಸಣ್ಣ ಕಹಿ ಇಲ್ಲದಿದ್ದರೆ ಸಾಸ್ ಬರೀ ಸಿಹಿ ಕೆಚಪ್ ಥರ ಇರುತ್ತದೆ. ಸಣ್ಣ ಉರಿಯಲ್ಲಿ, ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿ ಮಾಡಿ. ನೀರಾಗಿದ್ದರೆ ಫ್ರೈಸ್ ಅದನ್ನು ಕುಡಿದುಬಿಡುತ್ತದೆ.

ಬೆಂದ ಚಿಕನ್ ಅನ್ನು ಎರಡು ಫೋರ್ಕಿನಿಂದ ಎಳೆದು ಬಿಡಿಸಿ, ಮುಕ್ಕಾಲು ಪಾಲು ಸಾಸ್ ಕಲಸಿ ಅಗಲ ಪಾತ್ರೆಯಲ್ಲಿ ಹರಡಿ. ಹೊಗೆ ಒದ್ದೆ ಮತ್ತು ಜಿಡ್ಡು ಇರುವ ಕಡೆ ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ಸಾಸ್ ಕಲಸಿದ ಮೇಲೆಯೇ ಹೊಗೆ ಕೊಡಬೇಕು. ನಡುವೆ ಜಾಗ ಮಾಡಿ ಸಣ್ಣ ಸ್ಟೀಲ್ ಬಟ್ಟಲು ಇಡಿ. ಪಕ್ಕದಲ್ಲೇ ಚೀಸ್ ಸಾಸಿನ (ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ) ಬಟ್ಟಲನ್ನೂ ಇಟ್ಟರೆ ಎರಡಕ್ಕೂ ಒಂದೇ ಕೆಂಡ ಸಾಕು. ಕೆಂಡವನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಬರೀ ತುಪ್ಪದ ಹೊಗೆ ತಂದೂರಿ ಪರಿಮಳ ಕೊಡುತ್ತದೆ. ಬಾರ್ಬೆಕ್ಯೂ ಅಂದರೆ ಕಟ್ಟಿಗೆಯ ಹೊಗೆ. ಅದಕ್ಕೆ ನಾನು ತುಪ್ಪದ ಜೊತೆ ಪೇರಳೆ (ಸೀಬೆ) ಮರದ ಒಣ ಚಕ್ಕೆ, ಉಗುರಿನಷ್ಟು ದೊಡ್ಡದು, ಕೆಂಡದ ಮೇಲೆ ಇಡುತ್ತೇನೆ. ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗುತ್ತದೆ. ನಾಲ್ಕು ನಿಮಿಷ, ಐದಕ್ಕಿಂತ ಜಾಸ್ತಿ ಬೇಡ. ಹೊಗೆ ಕಡಿಮೆ ಅನಿಸಿದರೆ ಮುಚ್ಚಿಡುವ ಹೊತ್ತು ಹೆಚ್ಚಿಸಬೇಡಿ, ಹೊಸ ಕೆಂಡದಲ್ಲಿ ಇನ್ನೊಮ್ಮೆ ಕೊಡಿ.

ಕಿಟಕಿ ಬಾಗಿಲು ತೆರೆದೇ ಇರಬೇಕು. ಮಳೆ ಎರಚುತ್ತದೆ ಅಂತ ಎಲ್ಲ ಮುಚ್ಚಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಕೆಲಸ ಮುಗಿದ ಕೂಡಲೇ ಕೆಂಡವನ್ನು ಹೊರಗೆ ಒಯ್ದು ನೀರಿಗೆ ಹಾಕಿ. ಇಷ್ಟೆಲ್ಲ ಆಗದವರು ಸ್ಮೋಕ್ಡ್ ಪ್ಯಾಪ್ರಿಕಾ ತರಿಸಬಹುದು. ಸ್ಪೇನಿನ ಲಾ ವೆರಾದಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಮೆಣಸು ಒಣಗಿಸಿ ಮಾಡುವ ಪುಡಿ ಅದು. ಅರ್ಧ ಚಮಚ ಸಾಸಿಗೆ ಹಾಕಿದರೆ ಸುಮಾರಾಗಿ ಕೆಲಸ ಆಗುತ್ತದೆ.

ಆಲೂಗಡ್ಡೆ ನಾಲ್ಕು ದೊಡ್ಡದು, ಸುಮಾರು 750 ಗ್ರಾಂ. ಮಾರ್ಕೆಟ್‌ನಲ್ಲಿ ಗಟ್ಟಿ ಸಿಪ್ಪೆಯ ಹಳೆ ಆಲೂಗಡ್ಡೆ ಆರಿಸಿ. ಉಗುರು ತಾಗಿದರೆ ಸಿಪ್ಪೆ ಸುಲಿಯುವ ಹೊಸತರಲ್ಲಿ ನೀರು ಜಾಸ್ತಿ. ಫ್ರಿಜ್‌ನಲ್ಲಿ ಇಟ್ಟದ್ದೂ ಬೇಡ. ತಂಪಿನಲ್ಲಿ ಅದರ ಹಿಟ್ಟು ಸಕ್ಕರೆಯಾಗುತ್ತದೆ, ಕರಿದಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಕಿರುಬೆರಳು ದಪ್ಪಕ್ಕೆ ಕತ್ತರಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್, ಉಪ್ಪು ಹಾಕಿ ಎಂಟು ನಿಮಿಷ ಕುದಿಸಿ. ಹುಳಿ ಇದ್ದರೆ ಆಲೂಗಡ್ಡೆ ಬೆಂದರೂ ಒಡೆಯುವುದಿಲ್ಲ. ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಜೋರು ಮಳೆಯ ಆಟಿ ತಿಂಗಳಲ್ಲಿ ಇದಕ್ಕೇ ಅರ್ಧ ಗಂಟೆ ಬೇಕು.

ಕರಿಯುವುದು ಎರಡು ಸಲ. ಮೊದಲು 160 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರಬಾರದು. ತೆಗೆದು ಆರಿಸಿ, ಸಾಧ್ಯವಾದರೆ ಒಂದು ಗಂಟೆ ಫ್ರೀಜರ್‌ನಲ್ಲಿಡಿ. ತಿನ್ನುವ ಹೊತ್ತಿಗೆ 190 ಡಿಗ್ರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಹೊಂಬಣ್ಣ ಬರುವ ತನಕ ಕರಿಯಿರಿ. ಫ್ರೀಜರ್‌ನಿಂದ ತೆಗೆದದ್ದಕ್ಕೆ ಹಿಮದ ಪುಡಿ ಹಿಡಿದಿದ್ದರೆ ಕೊಡವಿಯೇ ಹಾಕಿ, ಇಲ್ಲವಾದರೆ ಎಣ್ಣೆ ಸಿಡಿಯುತ್ತದೆ. ತೆಗೆದದ್ದನ್ನು ಪೇಪರ್ ಮೇಲೆ ರಾಶಿ ಹಾಕಬೇಡಿ, ಜಾಲರಿಯ ಮೇಲೆ ಹರಡಿ. ನಮ್ಮ ಊರಿನ ಗಾಳಿಯಲ್ಲಿ ಡಬ್ಬದ ಹೊರಗೆ ಇಟ್ಟ ಹಲಸಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಫ್ರೈಸ್ ಕೇಳಬೇಕೇ? ಪ್ಯಾಕೆಟ್ ಫ್ರೋಜನ್ ಫ್ರೈಸ್ ಆದರೆ ಒಂದೇ ಸಲ ಕರಿದರೆ ಸಾಕು, ಐಸ್ ಬಿಡಿಸದೆ ನೇರ ಎಣ್ಣೆಗೆ ಹಾಕಿ.

ಚೀಸ್ ಸಾಸನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ಒಂದು ಚಮಚ ಬೆಣ್ಣೆ, ಒಂದು ಚಮಚ ಮೈದಾ ಹುರಿದು, ಒಂದು ಕಪ್ ಹಾಲು ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ 100 ಗ್ರಾಂ ಪ್ರೊಸೆಸ್ಡ್ ಚೀಸ್ ತುರಿದು ಕಲಸಿ. ಮೊಜ್ಜರೆಲ್ಲಾ ಬೇಡ, ಆರಿದರೆ ರಬ್ಬರ್ ಆಗುತ್ತದೆ.

ಜೋಡಿಸಲು ಆಳದ ಬಟ್ಟಲು ಬೇಡ, ಅಗಲ ತಟ್ಟೆ ತೆಗೆದುಕೊಳ್ಳಿ. ಚಿಕನ್ ಮತ್ತು ಚೀಸ್ ಸಾಸ್ ಬಿಸಿಯಾಗಿ ಕಾಯುತ್ತಿರಬೇಕು, ತಿನ್ನುವವರು ಕೂತಿರಬೇಕು, ಆಮೇಲೆಯೇ ಎರಡನೇ ಸಲ ಕರಿಯಿರಿ. ಫ್ರೈಸ್ ಹರಡಿ, ಚೀಸ್ ಸಾಸ್ ಗೆರೆ ಗೆರೆಯಾಗಿ ಬಿಡಿ, ಮೇಲೆ ಚಿಕನ್, ಉಳಿದ ಬಾರ್ಬೆಕ್ಯೂ ಸಾಸ್, ವಿನೆಗರಿನಲ್ಲಿ ನೆನೆಸಿದ ಈರುಳ್ಳಿ. ಅಂಚಿನ ಫ್ರೈಸ್ ಸಾಸ್ ತಾಗದೆ ಇರಲಿ. ಹಾಲಪಿನೊ ಮೆಣಸಿನಕಾಯಿಯ ಬದಲು ಒಂದೆರಡು ಗಾಂಧಾರಿ ಮೆಣಸನ್ನು (ಸಣ್ಣ ಸೂಜಿಮೆಣಸು) ಸಣ್ಣಗೆ ಹೆಚ್ಚಿ ಹಾಕಿ ನೋಡಿ, ಸಿಹಿ ಸಾಸಿಗೆ ಆ ಖಾರ ಬಹಳ ಚೆನ್ನಾಗಿ ಹೊಂದುತ್ತದೆ.

ಚಿಕನ್ ಉಳಿದರೆ ಫ್ರಿಜ್‌ನಲ್ಲಿಡಿ. ಹೊಗೆಯ ರುಚಿ ಮರುದಿನ ಇನ್ನೂ ಚೆನ್ನಾಗಿ ಇಳಿದಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬಿಸಿ ಮಾಡಿ ಬೆಳಗ್ಗೆ ನೀರುದೋಸೆ ಜೊತೆ ತಿನ್ನುತ್ತೇವೆ.