ಮೂರನೇ ಕ್ಲಾಸಿನ ಮಗನಿಗೆ ಚಿತ್ರದ ಪುಸ್ತಕದ ಅಭ್ಯಾಸ ಬಿಡಿಸೋದು ಹೇಗೆ?

ಬಿಡಿಸಬೇಡಿ. "ಅವನು ಓದಲ್ಲ, ಚಿತ್ರ ನೋಡಿ ಊಹೆ ಮಾಡ್ತಾನೆ" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನು ನನ್ನ ಮಗಳ ಬಗ್ಗೆ ಆಡಿದ್ದೆ.

ಅವಳದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಮಾತು ಸರಾಗ, ಓದು ಮಾತ್ರ ಕುಂಟು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ಒಂದು ರಾತ್ರಿ 'ಬುಟ್ಟಿ' ಅಂತ ಇದ್ದ ಕಡೆ ತಡವರಿಸಿ, ಚಿತ್ರದ ಕಡೆ ನೋಡಿ, "ಕುಕ್ಕೆ" ಅಂದಳು. ಬುಟ್ಟಿಗೆ ನಮ್ಮಮ್ಮ ಹಾಗೇ ಅನ್ನೋದು. ನನಗೆ ತಲೆ ಕೆಟ್ಟಿತು. ಹಳೇ ಲಗ್ನಪತ್ರಿಕೆಯೊಂದನ್ನು ತಂದು ಚಿತ್ರದ ಮೇಲೆ ಮುಚ್ಚಿ, "ಈಗ ಓದು" ಅಂದೆ. ಅಲ್ಲಿಂದ ದಿನಾ ಅದೇ ನಡೆಯಿತು.

ಇದು ಯಾಕೆ ತಪ್ಪು ಅನ್ನೋದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕುಕ್ಕೆ ಅಂದಾಗ ಅವಳಿಗೆ ಅರ್ಥ ಸಿಕ್ಕಿತ್ತು, ಅಕ್ಷರ ಸಿಕ್ಕಿರಲಿಲ್ಲ. "ಮೊದಲಿನ ಅಕ್ಷರ ಏನಿದೆ ನೋಡು ಪುಟ್ಟಿ" ಅಂದಿದ್ದರೆ ಸಾಕಿತ್ತು, ತಾನೇ ತಿದ್ದಿಕೊಳ್ಳುತ್ತಿದ್ದಳು. ಅಕ್ಷರ ಕೂಡಿಸಿ ಓದಿದ್ದು ಸರಿಯೋ ಅಲ್ಲವೋ ಅಂತ ಪರೀಕ್ಷಿಸಿಕೊಳ್ಳೋಕೆ ಮಗುವಿಗೆ ಆ ಚಿತ್ರವೂ ಒಂದು ಆಸರೆ. ಅದನ್ನೇ ನಾನು ಕಿತ್ತುಕೊಂಡೆ.

ಇನ್ನೊಂದು, ಒಳ್ಳೆಯ ಚಿತ್ರಪುಸ್ತಕದಲ್ಲಿ ಅರ್ಧ ಕಥೆ ಚಿತ್ರದಲ್ಲೇ ಇರುತ್ತೆ. "ಬೆಕ್ಕು ಎಲ್ಲಿ ಹೋಯಿತು?" ಅಂತ ಸಾಲು, ಮಂಚದ ಕೆಳಗಿಂದ ಬಾಲ ಇಣುಕುತ್ತಿರೋ ಚಿತ್ರ. ಚಿತ್ರ ಮುಚ್ಚಿದರೆ ಆ ಸಾಲಿನಲ್ಲಿ ನಗೋಕೆ ಏನಿದೆ? ಅವಳಿಗೆ ನಗು ಬರ್ತಿರಲಿಲ್ಲ. ನಾನು ಅದನ್ನು ಸೋಮಾರಿತನ ಅಂದುಕೊಂಡೆ. ಆಮೇಲೆ ನಿದ್ದೆ, ಹೊಟ್ಟೆನೋವು, ಹೋಮ್‌ವರ್ಕ್, ಒಂದೊಂದು ದಿನ ಒಂದೊಂದು ನೆಪ. ಕೊನೆಗೆ ಚಿತ್ರದ ಪುಸ್ತಕಗಳನ್ನೆಲ್ಲ ಕಟ್ಟಿ ತಮ್ಮನ ಮನೆಗೆ ಕೊಟ್ಟು, ಒಂದು ದಪ್ಪ ನೀತಿಕಥೆ ಪುಸ್ತಕ ತಂದೆ. ಅದರ ಬೆನ್ನು ಇವತ್ತಿಗೂ ಮಡಚಿಲ್ಲ. ಈಗ ಪಿಯುಸಿ ಓದ್ತಿದ್ದಾಳೆ. ಇಂಗ್ಲಿಷ್ ಕಾದಂಬರಿ ಗುಡ್ಡೆಗಟ್ಟಲೆ ಓದ್ತಾಳೆ, ಕನ್ನಡ ಮಾತ್ರ ಪರೀಕ್ಷೆಗೆ.

ಹಾಗಂತ ಅಕ್ಷರವೇ ಬರದ ಮಗು ಬರೀ ಊಹೆಯಲ್ಲೇ ತೇಲಿಸಿದರೆ ಅದು ಬೇರೆ ವಿಷಯ. ಕಾಗುಣಿತ, ಒತ್ತಕ್ಷರ ಎಲ್ಲ ಸ್ಲೇಟಿನ ಮೇಲೆ ಬೇರೆ ಹೊತ್ತಿನಲ್ಲಿ ಕಲಿಸಿ. ಕಥೆ ಓದೋ ಹೊತ್ತಿನಲ್ಲಿ ಪರೀಕ್ಷೆ ಬೇಡ.

ಕ್ಲಾಸು ನೋಡಿ ಪುಸ್ತಕ ಆರಿಸಲೇಬೇಡಿ. 2004ರಲ್ಲಿ ಶುರುವಾದ, ಮಕ್ಕಳ ಪುಸ್ತಕ ಪ್ರಕಟಿಸೋ ಪ್ರಥಮ್ ಬುಕ್ಸ್‌ನವರ ಪುಸ್ತಕಗಳಲ್ಲಿ ನಾಲ್ಕು ಹಂತ ಇವೆ. ಮೊದಲನೆಯದರಲ್ಲಿ 250 ಪದದೊಳಗೆ ಕಥೆ ಮುಗಿಯುತ್ತೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ. ನನ್ನ ಮಗಳು ಆಗ ಮೂರನೇ ಕ್ಲಾಸಾದರೂ ಕನ್ನಡದಲ್ಲಿ ಮೊದಲ ಹಂತದವಳೇ ಆಗಿದ್ದಳು. ನನಗೆ ಅದನ್ನು ಒಪ್ಪಿಕೊಳ್ಳೋಕೆ ಅವಮಾನ ಆಗಿತ್ತು, ಅಷ್ಟೇ. 2015ರಿಂದ ಅವರ ವೆಬ್‌ಸೈಟ್ ಆದ ಸ್ಟೋರಿವೀವರ್‌ನಲ್ಲಿ ಕನ್ನಡದ ಪುಸ್ತಕಗಳೂ ಪುಕ್ಕಟೆ ಸಿಗುತ್ತವೆ. ಪ್ರಿಂಟ್ ಕೂಡ ತೆಗೆಯಬಹುದು.

"ಕಾಮಿಕ್ಸ್ ಓದಿದರೆ ಓದು ಕೆಡುತ್ತೆ" ಅಂತ ನಿಮ್ಮ ಮಾವ ಹೇಳ್ತಾರೆ ಅಂದ್ರಿ. ಅಮರ ಚಿತ್ರಕಥೆ ಕಾಮಿಕ್ಸ್ ಸರಣಿಯ 'ಕೃಷ್ಣ' ಪುಸ್ತಕದ ಸಂಖ್ಯೆ 11 ಯಾಕೆ ಅಂತ ಅವರನ್ನೇ ಕೇಳಿ ನೋಡಿ. ಅದಕ್ಕೂ ಮುಂಚಿನ ಹತ್ತು ಬಂದಿದ್ದು ನಮ್ಮ ಬೆಂಗಳೂರಿನಿಂದ, ಕನ್ನಡದಲ್ಲಿ! ಪರದೇಶದ ಕಿನ್ನರಿ ಕಥೆಗಳವು. ಮಾವನವರ ಕಾಲದ ಮಕ್ಕಳೇ ಅವನ್ನು ಓದಿದ್ದು, ಅವರ ಓದು ಕೆಟ್ಟಿತೇ?

ಕೊಳ್ಳೋದಾದರೆ ಅಂಗಡಿಗೇ ಹೋಗಿ, ಮಗನನ್ನೂ ಕರ್ಕೊಂಡು ಹೋಗಿ. ಚಿತ್ರದ ಕಡುಬಣ್ಣದ ಮೇಲೆಯೇ ಅಕ್ಷರ ಅಚ್ಚು ಹಾಕಿದ್ದರೆ ಬಿಟ್ಟುಬಿಡಿ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿಕೊಂಡು, ಮಗುವಿಗೆ ಯಾವುದು ಎಲ್ಲಿಯದು ಅಂತಲೇ ಗೊತ್ತಾಗಲ್ಲ. ಅಗ್ಗದ ಪುಸ್ತಕಗಳಲ್ಲಿ ಇದು ಜಾಸ್ತಿ. ಉಳಿದಿದ್ದು ಅವನು ಯಾವುದನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ತಾನೋ ಅದು.