ಟೂರ್ನಿ ಮುಗಿದ ಮೇಲೂ ಇಳಿಯದ ಗ್ರೀನ್‌ಗಳ ವೇಗ

ಮಾನ್ಯರೇ,

ವೃತ್ತಿಪರರ ಟೂರ್ನಿಗಾಗಿ ನಿಮ್ಮ ಗಾಲ್ಫ್ ಕ್ಲಬ್ಬಿನ ಮೈದಾನವನ್ನು ತಿಂಗಳುಗಟ್ಟಲೆ ಸಜ್ಜುಗೊಳಿಸಿದರೆಂದೂ, ಆಟಗಾರರು ಹೊರಟುಹೋದ ಮೇಲೂ ಆಟದ ಹಾದಿಯ ಅಂಚಿನ ರಫ್‌ನ ಹುಲ್ಲು ಪಾದ ಮುಳುಗುವಷ್ಟು ಬೆಳೆದೇ ಇದೆಯೆಂದೂ, ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಗ್ರೀನ್‌ಗಳ ಮೇಲೆ ಚೆಂಡು ನಿಲ್ಲುತ್ತಿಲ್ಲವೆಂದೂ ಬರೆದಿದ್ದೀರಿ. ಕ್ಲಬ್ಬಿನ ಹೆಸರಿಗಾಗಿ ಸದಸ್ಯರು ಇದನ್ನೆಲ್ಲ ಸಹಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ.

ಟೂರ್ನಿಯ ವಾರ ಮೈದಾನ ಮುಚ್ಚುವುದನ್ನು ಸಹಿಸಿಕೊಳ್ಳಬಹುದು. ಅದು ಯಾವತ್ತು ಮುಗಿಯುತ್ತದೆಂದು ಎಲ್ಲರಿಗೂ ಗೊತ್ತಿರುತ್ತದೆ. ನನ್ನನ್ನು ಹೆಚ್ಚು ಕಾಡುವುದು ಗ್ರೀನ್‌ಗಳ ವೇಗ. ಓರೆಯಾಗಿ ಎತ್ತಿ ಚೆಂಡನ್ನು ಜಾರಬಿಟ್ಟು, ಅದು ಗ್ರೀನ್‌ನ ಮೇಲೆ ಎಷ್ಟು ಅಡಿ ಉರುಳುತ್ತದೆಂದು ಅಳೆಯುವ, ಮೂರಡಿ ಉದ್ದದ ಸ್ಟಿಂಪ್‌ಮೀಟರ್ ಪಟ್ಟಿಯನ್ನು ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದರು. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನು ತಿದ್ದಿ ಮೈದಾನದ ಉಸ್ತುವಾರಿ ನೋಡುವವರ ಕೈಗಿತ್ತದ್ದು ಹದಿನೆಂಟು ಗ್ರೀನ್‌ಗಳೂ ಒಂದೇ ಸಮನಾಗಿವೆಯೇ ಎಂದು ನೋಡಲಿ ಎಂಬ ಉದ್ದೇಶದಿಂದ. ಸದಸ್ಯರ ದಿನನಿತ್ಯದ ಆಟಕ್ಕೆ 8.5 ಅಡಿಯೇ ವೇಗದ ಗ್ರೀನ್ ಎಂದು ಆಗ ಎಣಿಸಿದ್ದರು. ಇಂದಿನ ದೊಡ್ಡ ಟೂರ್ನಿಗಳಲ್ಲಿ 12 ಅಡಿ ದಾಟುವುದು ಸಾಮಾನ್ಯವಾಗಿದೆ.

ಈ ವೇಗ ಬರಬೇಕಾದರೆ ಹುಲ್ಲನ್ನು ಸುಮಾರು 3 ಮಿಲಿಮೀಟರ್‌ಗೆ, ಕೆಲವೊಮ್ಮೆ ಅದಕ್ಕಿಂತಲೂ ಗಿಡ್ಡವಾಗಿ ಕತ್ತರಿಸಿ, ಮತ್ತೆ ಮತ್ತೆ ರೋಲರ್ ಹಾಯಿಸಿ, ನೀರನ್ನೂ ಬಿಗಿಹಿಡಿಯಬೇಕು. ಎಲೆ ಕಿರಿದಾದಷ್ಟೂ ಹುಲ್ಲು ತಯಾರಿಸಿಕೊಳ್ಳುವ ಆಹಾರ ಕಡಿಮೆಯಾಗುತ್ತದೆ, ಬೇರು ಮೇಲುಮೇಲಕ್ಕೇ ಉಳಿಯುತ್ತದೆ, ಮುಂದಿನ ಬಿಸಿಲಿಗೆ ಮೊದಲು ಬಾಡುವುದು ಅದೇ. ಇಳಿಜಾರಿನಲ್ಲಿ ಕುಳಿ ತೋಡಲಾಗದ್ದರಿಂದ ಗ್ರೀನ್‌ನ ಕೆಲವೇ ಸಮತಟ್ಟಾದ ಮೂಲೆಗಳಲ್ಲಿ ದಿನವೂ ತುಳಿತ ಬೀಳುತ್ತದೆ. ನಾಲ್ಕಡಿ ದೂರದಿಂದ ಇಳಿಜಾರಿಗೆ ಮೆಲ್ಲಗೆ ತಟ್ಟಿದ ಚೆಂಡು ಕುಳಿಯ ಅಂಚು ಸವರಿ, ನಿಧಾನಿಸಿದಂತೆ ಕಂಡು, ಮತ್ತೆ ಉರುಳುತ್ತಾ ಗ್ರೀನನ್ನೇ ದಾಟಿ ಹೋಗುವುದನ್ನು ನೀವೂ ನೋಡಿರುತ್ತೀರಿ. 2004ರ ಯು.ಎಸ್. ಓಪನ್ ಗಾಲ್ಫ್ ಟೂರ್ನಿಯ ಕೊನೆಯ ದಿನ ಅಮೆರಿಕದ ಶಿನೆಕಾಕ್ ಹಿಲ್ಸ್ ಮೈದಾನದ ಏಳನೆಯ ಗ್ರೀನ್‌ನಲ್ಲಿ ವೃತ್ತಿಪರರ ಚೆಂಡುಗಳೇ ನಿಲ್ಲದೆ, ಆಟದ ನಡುವೆಯೇ ನೀರು ಚಿಮುಕಿಸಬೇಕಾಯಿತು. ಹಾಗಿರುವಾಗ ವಾರಕ್ಕೊಮ್ಮೆ ಆಡುವವರ ಪಾಡೇನು?

ರಫ್‌ನ ವಿಷಯದಲ್ಲಿ ನಿಮ್ಮ ದೂರು ಪೂರ್ತಿ ನ್ಯಾಯವಾದದ್ದು. 2019ರಿಂದ ನಿಯಮದ ಪ್ರಕಾರ ಕಳೆದ ಚೆಂಡು ಹುಡುಕಲು ಇರುವುದು ಮೂರೇ ನಿಮಿಷ, ಮತ್ತು ನಿಮ್ಮಲ್ಲಿ ಗ್ಯಾಲರಿಯೂ ಇಲ್ಲ, ಚೆಂಡು ಬಿದ್ದ ಜಾಗ ಗುರುತಿಸುವ ಸ್ವಯಂಸೇವಕರೂ ಇಲ್ಲ.

ಆದರೆ ಒಂದು ಮಾತನ್ನು ಬೇಸರಿಸದೆ ಕೇಳಬೇಕು. ಟೂರ್ನಿಯ ವೇಗವನ್ನೇ ಉಳಿಸಿಕೊಳ್ಳಿ ಎಂದು ಸಮಿತಿಯನ್ನು ಒತ್ತಾಯಿಸುವವರು ಅನೇಕ ಕಡೆ ಸದಸ್ಯರೇ ಆಗಿರುತ್ತಾರೆ. ನೆರೆಯ ಕ್ಲಬ್ಬಿಗಿಂತ ತಮ್ಮ ಗ್ರೀನ್ ಒಂದಡಿ ಹೆಚ್ಚು ಎಂದು ಹೇಳಿಕೊಳ್ಳುವ ಆಸೆಗೆ ಹುಲ್ಲೂ ಹಿರಿಯ ಆಟಗಾರರೂ ಬೆಲೆ ತೆರುತ್ತಾರೆ. ಆದ್ದರಿಂದ ಇನ್ನೊಂದು ಟೂರ್ನಿಗೆ ಒಪ್ಪುವ ಮುನ್ನವೇ, ರಫ್ ಕತ್ತರಿಸುವುದು ಯಾವಾಗ, ಗ್ರೀನ್‌ನ ಹುಲ್ಲು ಮೊದಲಿನ ಎತ್ತರಕ್ಕೆ ಮರಳುವುದು ಯಾವಾಗ, ಡೇರೆಗಳ ಭಾರಕ್ಕೆ ಗಟ್ಟಿಯಾದ ನೆಲವನ್ನು ಯಾರ ಖರ್ಚಿನಲ್ಲಿ ಸಡಿಲಿಸಬೇಕು ಎಂಬುದೆಲ್ಲ ಲಿಖಿತವಾಗಿರಲಿ ಎಂದು ಪಟ್ಟುಹಿಡಿಯಿರಿ.

ಸದ್ಯಕ್ಕೆ, ಬೇರಿಗೆ ಗಾಳಿಯಾಡಲೆಂದು ಗ್ರೀನ್‌ಗಳಿಗೆ ರಂಧ್ರ ಕೊರೆದು ಮರಳು ತುಂಬುವ ಕೆಲಸವನ್ನು ಟೂರ್ನಿಗಾಗಿ ಮುಂದೂಡಿದ್ದರೆ, ಅದು ಯಾವ ದಿನ ಶುರುವಾಗುತ್ತದೆಂದು ಮುಂದಿನ ಸಭೆಯಲ್ಲಿ ಕೇಳಿ. ಆಮೇಲೆ ಕೆಲವು ದಿನ ಚೆಂಡು ಕುಪ್ಪಳಿಸುತ್ತಾ ಓಡುತ್ತದೆ. ಅದಕ್ಕಾಗಿ ಉಸ್ತುವಾರಿಯವರನ್ನು ಬೈಯದಂತೆ ಜೊತೆಯವರಿಗೂ ದಯವಿಟ್ಟು ತಿಳಿಸಿ.

– ಸಂಪಾದಕ